ತಾಮ್ರದ ಸೂಜಿಯ ಸಾಕ್ಷಿ

ನಮ್ಮ ಮನೆಯೊಳಗೆ ಬರುವ ಪ್ರತಿ ಪುಸ್ತಕವೂ ಮೊದಲು ಅಪ್ಪನ ಕೈಗೆ ಹೋಗಬೇಕಿತ್ತು. ಶಾಲೆಯ ಪಠ್ಯಪುಸ್ತಕಗಳಿಗೆ ಮಾತ್ರ ವಿನಾಯಿತಿ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಎರಕದ ತಪಾಸಣೆ ಮಾಡುತ್ತಿದ್ದವರು. ಅಚ್ಚಿನಿಂದ ಬಿಡಿಸಿ ತಣಿಸಿದ ಕಬ್ಬಿಣದ ಸಾಮಾನನ್ನು ಸಣ್ಣ ಸುತ್ತಿಗೆಯಿಂದ ತಟ್ಟುವುದು, ಕಿವಿಗೊಟ್ಟು ಕೇಳುವುದು. ಸದ್ದು ಖಣಖಣ ಎಂದರೆ ಸೀಮೆಸುಣ್ಣದಲ್ಲಿ ರೈಟ್ ಗುರುತು, ಒಳಗೆಲ್ಲೋ ಗಾಳಿಗುಳ್ಳೆ ಉಳಿದು ಸದ್ದು ಮಂಕಾಗಿ ಬಂದರೆ ಇಂಟು ಗುರುತು. ಇದು ಅವರ ಕೆಲಸ. ಆ ಸೀಮೆಸುಣ್ಣ ಅಂಗಿಯ ಜೇಬಿನಲ್ಲಿ ಮನೆಗೂ ಬರುತ್ತಿತ್ತು. ಯಾರಾದರೂ ನನಗೊಂದು ಪುಸ್ತಕ ಕೊಟ್ಟರೆ ಅಪ್ಪ ಮೊದಲ ಪುಟ, ನಡುವಿನ ಪುಟ, ಕೊನೆಯ ಪುಟ ಓದಿ ರಟ್ಟಿನ ಮೇಲೆ ಗುರುತು ಹಾಕುತ್ತಿದ್ದರು. ರೈಟ್ ಬಿದ್ದದ್ದು ಮುಂದಿನ ಕೋಣೆಯ ಮೇಜಿನ ಮೇಲೆ, ನಾವು ಸತ್ಯವೇದ ಎನ್ನುವ ಬೈಬಲಿನ ಪಕ್ಕದಲ್ಲಿ ಕೂರುತ್ತಿತ್ತು. ಇಂಟು ಬಿದ್ದದ್ದು ಅವತ್ತೇ ಬಂದ ದಾರಿ ಹಿಡಿಯುತ್ತಿತ್ತು. ರಾಕ್ಷಸ, ಮಾಟಗಾತಿ, ಮಾಯಾದಂಡ, ಹಾರುವ ಕಂಬಳಿ, ಇಷ್ಟರಲ್ಲಿ ಯಾವುದೊಂದು ಕಣ್ಣಿಗೆ ಬಿದ್ದರೂ ಇಂಟು. ಗುರುತು ಬಿದ್ದ ಮೇಲೆ ಅಳುವುದಾಗಲಿ ಊಟ ಬಿಡುವುದಾಗಲಿ ನಡೆಯುತ್ತಿರಲಿಲ್ಲ. ಎರಡನ್ನೂ ನಾನು ಮಾಡಿ ನೋಡಿದ್ದೆ.

ನ್ಯೂ ಟೌನಿನ ನಮ್ಮ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಮುಂದೊಂದು ಕೋಣೆ, ಒಳಗೊಂದು ಕೋಣೆ, ಅಡುಗೆಮನೆ, ಹಿತ್ತಲಿಗೆ ಅಂಟಿಕೊಂಡ ಬಚ್ಚಲು. ಇದ್ದವರು ಮೂವರೇ, ಅಪ್ಪ, ಅಮ್ಮ, ನಾನು. ಅಮ್ಮ ಬೆಳಿಗ್ಗೆ ಒರೆಸಿದ ಕಿಟಕಿಯ ಕಟ್ಟೆ ಮಧ್ಯಾಹ್ನದೊಳಗೆ ಕಾರ್ಖಾನೆಯ ಧೂಳಿನಿಂದ ಮತ್ತೆ ಕಪ್ಪಾಗುತ್ತಿತ್ತು. ಅಮ್ಮ ಮತ್ತೆ ಒರೆಸುತ್ತಿದ್ದಳು. ಕಾರ್ಖಾನೆಗೂ ಅವಳಿಗೂ ನಡೆದಿದ್ದ ಆ ಹಟದಲ್ಲಿ ಇಬ್ಬರೂ ಸೋಲಲಿಲ್ಲ. ಸಂಜೆ ಏಳಕ್ಕೆ ಪ್ರಾರ್ಥನೆ. ಚಾಪೆ ಹಾಸಿ, ಒಂದು ಹಾಡು ಹಾಡಿ, ಅಪ್ಪ ಒಂದು ಅಧ್ಯಾಯ ಓದಿದ ಮೇಲೆ ಒಬ್ಬೊಬ್ಬರೂ ಒಂದೊಂದು ವಚನವನ್ನು ಬಾಯಿಪಾಠ ಹೇಳಬೇಕು. ಹೇಳದಿದ್ದರೆ ಮುಂದೆ ತಟ್ಟೆ ಬರುತ್ತಿರಲಿಲ್ಲ. ಒಮ್ಮೆ ಹೇಳಿದ ವಚನವನ್ನು ಅದೇ ವಾರ ಮತ್ತೆ ಹೇಳುವಂತೆಯೂ ಇರಲಿಲ್ಲ. ಅಡುಗೆಮನೆಯಿಂದ ಒಣಮೀನಿನ ಸಾರಿನ ವಾಸನೆ ಬಂದು ಹೊಟ್ಟೆ ಚುರುಗುಟ್ಟುವಾಗ ನಾನು ಯೇಸು ಅತ್ತನೆಂಬ, ಎಲ್ಲಕ್ಕಿಂತ ಚಿಕ್ಕ ವಚನವನ್ನು ಹೇಳಿ ಮುಗಿಸಿಬಿಡುತ್ತಿದ್ದೆ.

“ಆತ ಅತ್ತಿದ್ದು ನಿನ್ನ ಸೋಮಾರಿತನ ನೋಡೇ ಇರ್ಬೇಕು,” ಎನ್ನುತ್ತಿದ್ದಳು ಅಮ್ಮ.

ಸತ್ಯವೇದದಲ್ಲಿ ನನಗೆ ತುಂಬ ಇಷ್ಟದ ಕಥೆ ಕೊಡಲಿಯದು. ಪ್ರವಾದಿ ಎಲೀಷನ ಶಿಷ್ಯನೊಬ್ಬ ಹೊಳೆಯ ದಂಡೆಯಲ್ಲಿ ಮರ ಕಡಿಯುವಾಗ ಕೊಡಲಿಯ ಕಬ್ಬಿಣ ಕಳಚಿ ನೀರಿಗೆ ಬೀಳುತ್ತದೆ. ಪ್ರವಾದಿ ಅಲ್ಲಿಗೊಂದು ಕೋಲು ಎಸೆದಾಗ ಕಬ್ಬಿಣ ತೇಲಿ ಬರುತ್ತದೆ. ಅಪ್ಪನಿಗೂ ಅದೇ ಇಷ್ಟ. ದಿನವೆಲ್ಲ ಕಬ್ಬಿಣ ಎತ್ತಿ ಇಳಿಸುವವರಿಗೆ ಅದು ತೇಲಿತು ಎಂದರೆ ಎಷ್ಟು ದೊಡ್ಡ ಮಾತೆಂದು ಗೊತ್ತಿರುತ್ತದೆ. ಒಂದು ಸಂಜೆ ಅವರು ಆ ಅಧ್ಯಾಯ ಓದಿ ಮುಗಿಸಿದಾಗ ನಾನು ಕೇಳಿಯೇ ಬಿಟ್ಟೆ.

“ಅಪ್ಪ, ಕೋಲು ಹಾಕಿ ಕಬ್ಬಿಣ ತೇಲಿಸೋದು ಮಾಟ ಅಲ್ವಾ?”

“ಅಲ್ಲ. ಅದು ಅದ್ಭುತ.”

“ಎರಡಕ್ಕೂ ಏನು ವ್ಯತ್ಯಾಸ?”

ಅಮ್ಮ ನನ್ನ ತೊಡೆ ಚಿವುಟಿದಳು. ಅಪ್ಪನಿಗೆ ಸಿಟ್ಟು ಬರಲಿಲ್ಲ. ಕೇಳಿದ್ದಕ್ಕೆ ಯೋಚಿಸಿ ಉತ್ತರ ಹೇಳುವ ಮನುಷ್ಯ ಅವರು, ಅಷ್ಟನ್ನು ನಾನು ಒಪ್ಪಲೇಬೇಕು.

“ಮಾಟದಲ್ಲಿ ಮನುಷ್ಯ ತನಗೆ ಬೇಕಾದ್ದನ್ನ ಕಿತ್ಕೊಳ್ತಾನೆ, ಬೇರೆಯೋರಿಗೆ ಏನಾದ್ರೂ ಆಗ್ಲಿ ಅಂತ. ಅದ್ಭುತದಲ್ಲಿ ಕೇಳ್ಕೊಳ್ತಾನೆ. ಕೊಡೋದು ಬಿಡೋದು ದೇವರ ಇಷ್ಟ. ಕಿತ್ಕೊಳ್ಳೋ ಕೈ ಬೇರೆ, ಚಾಚೋ ಕೈ ಬೇರೆ.”

ಇಷ್ಟು ವಯಸ್ಸಾದರೂ ಇದಕ್ಕಿಂತ ನೇರವಾದ ಉತ್ತರ ನನಗೆ ಸಿಕ್ಕಿಲ್ಲ. ಈಗ ನಾನು ಶಿವಮೊಗ್ಗದ ವಿದ್ಯಾನಗರದಲ್ಲಿದ್ದೇನೆ, ಭಾನುವಾರ ನಮ್ಮ ಸಭೆಯ, ಅಂದರೆ ಚರ್ಚಿನ, ಮಕ್ಕಳಿಗೆ ಪಾಠ ಹೇಳುತ್ತೇನೆ. ತಾಯಂದಿರು ಬಂದು, “ಆಂಟಿ, ಮಗಳು ಮಂತ್ರ ಮಾಯದ ಕಾದಂಬರಿ ಹಿಡ್ಕೊಂಡು ಕೂತಿದಾಳೆ, ಇಷ್ಟಿಷ್ಟು ದಪ್ಪದ್ದು, ಕಿತ್ತಿಡ್ಲಾ?” ಎಂದು ಕೇಳುತ್ತಾರೆ. ಮೊದಲು ನೀವೇ ಓದಿ, ಅದರಲ್ಲಿ ಯಾರ ಕೈ ಕಿತ್ತುಕೊಳ್ಳುತ್ತದೆ, ಹಾಗೆ ಕಿತ್ತುಕೊಂಡವರಿಗೆ ಕಥೆ ಭೇಷ್ ಅನ್ನುತ್ತದೋ ಛೀ ಅನ್ನುತ್ತದೋ ನೋಡಿ, ಆಮೇಲೆ ಮಾತಾಡೋಣ ಎನ್ನುತ್ತೇನೆ. ಕೆಲವರು ಓದುತ್ತಾರೆ. ಉಳಿದವರು ಹೋಗಿ ಪಾಸ್ಟರಿಗೆ ನನ್ನ ಮೇಲೆ ಚಾಡಿ ಹೇಳುತ್ತಾರೆ. ಹೇಳಲಿ. ನಾನು ಈ ವಿಷಯದಲ್ಲಿ ಹನ್ನೊಂದನೆಯ ವಯಸ್ಸಿಗೇ ಪೆಟ್ಟು ತಿಂದು ಗಟ್ಟಿಯಾದವಳು.

ಪಕ್ಕದ ಕ್ವಾರ್ಟರ್ಸ್‌ನ ಶಾರದಾ ನನ್ನ ತರಗತಿಯವಳು. ಅವರದು ವಿಭೂತಿ ಧರಿಸಿ ಶಿವಪೂಜೆ ಮಾಡುವ ಮನೆ. ಅವಳಪ್ಪನೂ ನಮ್ಮಪ್ಪನೂ ಒಂದೇ ಪಾಳಿಗೆ ಜೊತೆಯಾಗಿ ಸೈಕಲ್ ತುಳಿಯುವವರು. ಎರಡು ಹಿತ್ತಲುಗಳ ನಡುವೆ ದಾಸವಾಳದ ಬೇಲಿ, ಬೇಲಿಯಲ್ಲೊಂದು ಕಂಡಿ. ಆ ಕಂಡಿಯಿಂದ ಶಾರದಾ ಒಂದು ದಿನ ಪುಸ್ತಕವೊಂದನ್ನು ನೀಡಿದಳು. ಅವರಜ್ಜಿಯ ಪೆಟ್ಟಿಗೆಯಲ್ಲಿದ್ದದ್ದು. ರಟ್ಟು ಹೋಗಿತ್ತು, ಮೊದಲ ಕೆಲವು ಎಲೆಗಳೂ ಹೋಗಿದ್ದವು. ಅದರ ಹೆಸರೇನು, ಬರೆದವರು ಯಾರು ಎಂಬುದು ನನಗೆ ಇವತ್ತಿಗೂ ತಿಳಿಯದು.

“ಅಪ್ಪಂಗೆ ತೋರಿಸ್ಬೇಕು,” ಎಂದೆ.

“ರಟ್ಟೇ ಇಲ್ಲ ಮಾರಾಯ್ತಿ, ಗುರುತು ಎಲ್ಲಿ ಹಾಕ್ತಾರೆ?” ಎಂದಳು ಶಾರದಾ.

ಇಷ್ಟು ಸಮಾಧಾನ ನನಗೆ ಸಾಕಾಯಿತು. ಪುಸ್ತಕವನ್ನು ನಮ್ಮ ಮನೆಯೊಳಗೆ ತರಲಿಲ್ಲ, ಆದ್ದರಿಂದ ನಿಯಮ ಮುರಿದ ಹಾಗಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು, ಶಾಲೆ ಬಿಟ್ಟ ಮೇಲೆ ಅವರ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಓದಿದೆ. ಕುರಿ ಕಾಯುವ ನೀಲಿ ಎಂಬ ಹುಡುಗಿಗೆ ಬತ್ತಿದ ಬಾವಿಯಲ್ಲಿ ಒಂದು ತಾಮ್ರದ ಸೂಜಿ ಸಿಗುತ್ತದೆ. ಅದರಿಂದ ಹೊಲಿದರೆ ಏನು ಬೇಕಾದರೂ ಕೂಡಿಕೊಳ್ಳುತ್ತದೆ: ಒಡೆದ ಮಡಕೆ, ಕುರಿಯ ಮುರಿದ ಕಾಲು, ಬಿರುಕು ಬಿಟ್ಟ ಕೆರೆಯ ಏರಿ. ಊರವರು ಅವಳನ್ನು ಹೊತ್ತು ಮೆರೆಸುತ್ತಾರೆ. ಇಲ್ಲಿ ಒಂದು ಹೊಲಿಗೆ ಬಿದ್ದಾಗ ಇನ್ನೆಲ್ಲೋ ಒಂದು ಹೊಲಿಗೆ ಬಿಚ್ಚಿಕೊಳ್ಳುತ್ತದೆ ಎಂಬುದು ಮಾತ್ರ ಅವಳಿಗೆ ಗೊತ್ತಿಲ್ಲ. ಕೊನೆಗೆ ಅವಳ ತಾಯಿ ಹಾಸಿಗೆ ಹಿಡಿಯುತ್ತಾಳೆ. ಹೋಗುವ ಉಸಿರನ್ನೂ ಆ ಸೂಜಿಯಿಂದ ಹೊಲಿದು ನಿಲ್ಲಿಸಬಹುದು. ಆದರೆ ಸೂಜಿ ಮಾಡಿದ ಮಾಟಗಾತಿ ಬಂದು ನಿಜ ಹೇಳುತ್ತಾಳೆ, ಅದಕ್ಕೆ ಬೇಕಾದ ದಾರ ಪಕ್ಕದ ಮನೆಯ ತೊಟ್ಟಿಲ ಕೂಸಿನ ಉಸಿರಿನಿಂದ ಬರಬೇಕು ಎಂದು. ನೀಲಿ ಮೂರು ದಿನ ಸೂಜಿ ಹಿಡಿದು ಕೂರುತ್ತಾಳೆ. ಪಕ್ಕದ ಮನೆಯಲ್ಲಿ ತೊಟ್ಟಿಲು ತೂಗುವ ಸದ್ದು ಕೇಳುತ್ತಲೇ ಇರುತ್ತದೆ. ನಾಲ್ಕನೆಯ ದಿನ ಸೂಜಿಯನ್ನು ಬಾವಿಗೆ ಎಸೆದು ಬಂದು, ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸುತ್ತಾಳೆ. ತಾಯಿ ಸಾಯುತ್ತಾಳೆ. ನಾನು ಆ ಕಲ್ಲಿನ ಮೇಲೆ ಬಿಕ್ಕಿ ಬಿಕ್ಕಿ ಅತ್ತೆ. ಶಾರದಾಳ ಅಜ್ಜಿ ಹೊಟ್ಟೆನೋವೆಂದು ತಿಳಿದು ಓಮದ ನೀರು ಕುಡಿಸಿದರು.

ನಮ್ಮ ಸಭೆಯವರು ಬುಧವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದರು. ದೊಡ್ಡವರು ಎದ್ದು ನಿಂತು ಸಾಕ್ಷಿ ಹೇಳುವುದು, ಅಂದರೆ ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದನೆಂದು ಎಲ್ಲರ ಮುಂದೆ ಹೇಳುವುದು. ಮಕ್ಕಳು ಅವತ್ತಿನ ವಿಷಯಕ್ಕೆ ಒಪ್ಪುವ ಒಂದು ಕಥೆ ಹೇಳಬೇಕು. ಆ ಬುಧವಾರದ ಕೂಟ ನಮ್ಮ ಮನೆಯಲ್ಲಿ. ಅಪ್ಪ ಸಭೆಯ ಆಡಳಿತ ನೋಡುವ ಹಿರಿಯರಲ್ಲೊಬ್ಬರು, ಹಾಗಾಗಿ ಅಮ್ಮ ಕಿಟಕಿಯ ಕಟ್ಟೆಯನ್ನು ನಾಲ್ಕು ಸಲ ಒರೆಸಿ, ಒಂದು ಡಬರಿ ತುಂಬ ಉಪ್ಪಿಟ್ಟು ಮಾಡಿದ್ದಳು. ವಿಷಯ, ಪ್ರಿಯವಾದದ್ದನ್ನು ಬಿಟ್ಟುಕೊಡುವುದು. ನಾನು ಅಬ್ರಹಾಮನು ಮಗನನ್ನು ಬಲಿಕೊಡಲು ಬೆಟ್ಟಕ್ಕೆ ಕರೆದೊಯ್ದ ಕಥೆಯನ್ನು ಉರು ಹೊಡೆದು ಕೂತಿದ್ದೆ. ನನಗಿಂತ ಮೊದಲು ಎದ್ದ ಹುಡುಗಿ ಅದನ್ನೇ ಹೇಳಿಬಿಟ್ಟಳು! ಅವಳು ಕೂತ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮ ಸಭೆಯ ಪಾಸ್ಟರನ್ನು ನಾವು ಅಯ್ಯನವರು ಎನ್ನುತ್ತಿದ್ದೆವು. ಅವರು ನಗುತ್ತ, “ಹೂಂ, ಹಿರಿಯರ ಮಗಳು ಹೇಳ್ಲಿ,” ಎಂದರು. ಅಪ್ಪನ ಮುಖ ನೋಡಿದೆ. ಬಾಯಿ ತೆರೆದೆ. ನೀಲಿಯ ಕಥೆ ತಾನಾಗಿ ಹೊರಗೆ ಬಂತು. ಮಾಟಗಾತಿಯನ್ನು ಸೈತಾನ ಮಾಡಿದೆ, ಸೂಜಿಯನ್ನು ಸೈತಾನನ ಆಮಿಷ ಮಾಡಿದೆ, ನೀಲಿಯನ್ನು ಒಬ್ಬ ಭಕ್ತೆ ಮಾಡಿದೆ. ಉಳಿದದ್ದೆಲ್ಲ ಇದ್ದ ಹಾಗೇ ಇತ್ತು. ತೊಟ್ಟಿಲ ಸದ್ದಿನ ಹತ್ತಿರ ಬಂದಾಗ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಅಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಯಾವ ಪುಸ್ತಕದಲ್ಲಿ ಓದಿದೆ ಮಗಳೇ?”

“ಭಕ್ತರ ಚರಿತ್ರೆ ಪುಸ್ತಕದಲ್ಲಿ, ಅಯ್ಯನವರೇ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂಥದೊಂದು ದಪ್ಪ ಪುಸ್ತಕ ನಿಜಕ್ಕೂ ನಮ್ಮ ಮೇಜಿನ ಮೇಲಿತ್ತು, ರೈಟ್ ಗುರುತಿನ ಸಮೇತ. ಅಪ್ಪ ಅದರಲ್ಲಿ ಓದಿದ್ದು ಮೂರೇ ಪುಟ. ಮಿಕ್ಕ ಪುಟಗಳಲ್ಲಿ ಏನಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಮುದ್ದು ಮಾಡುವ ಅಭ್ಯಾಸವಿದ್ದವರಲ್ಲ. ಆ ಕೈಯ ಭಾರದ ಕೆಳಗೆ ನಾನು ನಾಚಿಕೆಯಿಂದ ಸತ್ತುಹೋದೆ, ಆದರೂ ಬಾಯಿ ಬಿಡಲಿಲ್ಲ.

ಭಾನುವಾರ ಅಯ್ಯನವರು ಅದೇ ಕಥೆಯನ್ನು ತಮ್ಮ ಪ್ರಸಂಗದಲ್ಲಿ, ಅಂದರೆ ಉಪದೇಶದಲ್ಲಿ, ಹೇಳಿದರು. “ಚೀನಾ ದೇಶದ ಒಬ್ಬ ಸಹೋದರಿ,” ಎಂದು ಶುರುಮಾಡಿದಾಗ ನಾನು ಬೆಚ್ಚಿಬಿದ್ದೆ. ಚೀನಾ ಎಲ್ಲಿಂದ ಬಂತು? ಮುಂದಿನ ವಾರ ಅವರು ಶಿವಮೊಗ್ಗದ ಒಂದು ಕೂಟದಲ್ಲಿಯೂ ಹೇಳಿದರಂತೆ, ಅಲ್ಲಿ ಚೀನಾದ ಸಹೋದರಿಗೆ ಕುಂಟುತ್ತಿದ್ದ ಒಬ್ಬ ತಂದೆಯೂ ಸೇರಿಕೊಂಡನಂತೆ. ಜನ ಗಳಗಳ ಅತ್ತರಂತೆ. ಇದಾಗಿ ಮರುದಿನ, ಅಪ್ಪ ಪಾಳಿ ಮುಗಿಸಿ ಬಂದು ಕಾಫಿ ಕುಡಿಯುತ್ತಿದ್ದಾಗ, ಅಯ್ಯನವರು ನಮ್ಮ ಮನೆಯ ಮುಂದೆ ಸೈಕಲ್ ನಿಲ್ಲಿಸಿದರು.

“ಸ್ಯಾಮಣ್ಣ, ಆ ಪುಸ್ತಕ ಎರಡು ದಿನ ಕೊಡಿ. ನಮ್ಮ ಮಾಸಪತ್ರಿಕೇಲಿ ಆ ಕಥೆ ಹಾಕ್ಬೇಕು. ಶಿವಮೊಗ್ಗದಲ್ಲಿ ಎಲ್ರೂ ಕೇಳ್ತಿದಾರೆ.”

“ಅದಕ್ಕೇನಂತೆ, ಇಲ್ಲೇ ಇದೆಯಲ್ಲ,” ಎಂದು ಅಪ್ಪ ಹೆಮ್ಮೆಯಿಂದ ಎತ್ತಿಕೊಟ್ಟರು.

ಅಯ್ಯನವರು ಹಾಳೆ ತಿರುವಿದರು. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. ಅಮ್ಮ ಅವರಿಗೆ ಕಾಫಿ ತಂದಿಟ್ಟಳು. ನಾನು ಒಳಬಾಗಿಲಿನ ಹಿಂದೆ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಲಂಗದ ಅಂಚನ್ನು ಹಿಸುಕುತ್ತ ನಿಂತಿದ್ದೆ.

“ರೂತೀ, ಯಾವ ಪುಟ ಅಂತ ಬಂದು ತೋರ್ಸು,” ಎಂದು ಅಪ್ಪ ಕೂಗಿದರು.

ಶಾಲೆಯ ಗ್ರಂಥಾಲಯದ ಇನ್ನೊಂದು ಪುಸ್ತಕ ಎನ್ನಬಹುದಿತ್ತು. ಮರೆತೆ ಎನ್ನಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದವು. ಆದರೆ ಒಂದು ಸುಳ್ಳು ಚೀನಾದವರೆಗೆ ಹೋಗಿದ್ದನ್ನು ನೋಡಿದ್ದೆನಲ್ಲ, ಇನ್ನೊಂದನ್ನು ಹೊರಡಿಸುವ ಧೈರ್ಯ ನನಗೆ ಬರಲಿಲ್ಲ. ಹಿತ್ತಲಿಗೆ ಓಡಿ, ಬೇಲಿಯ ಕಂಡಿಯಲ್ಲಿ ನುಸುಳಿ, ಶಾರದಾಳ ಕೈಯಿಂದ ಪುಸ್ತಕ ಇಸಿದುಕೊಂಡು ಬಂದು ಮೇಜಿನ ಮೇಲಿಟ್ಟೆ. ಅಪ್ಪ ನಿಂತಲ್ಲೇ ನಡುವಿನ ಪುಟ ಬಿಡಿಸಿದರು. ಮಾಟಗಾತಿ ಅಲ್ಲಿಯೇ ಕೂತಿದ್ದಳು. ಅವರ ಮುಖ ಬೂದಿಯ ಹಾಗಾಯಿತು. ಅಯ್ಯನವರು ಕಾಫಿ ಮುಟ್ಟದೆ, ತಲೆ ತಗ್ಗಿಸಿ ಹೊರಟುಹೋದರು.

“ಭಾನುವಾರ ಸಭೆ ಮುಂದೆ ನಿಂತು ಹೇಳ್ತೀಯ,” ಎಂದರು ಅಪ್ಪ. ದನಿ ಏರಿರಲಿಲ್ಲ. “ನಾನು ಸುಳ್ಳು ಹೇಳಿದೆ ಅಂತ ಒಂದು. ಇದು ಸೈತಾನನ ಕಥೆ ಅಂತ ಇನ್ನೊಂದು. ಎರಡೂ ಹೇಳ್ತೀಯ.”

“ಹೇಳದಿದ್ರೆ?”

“ಈ ಪುಸ್ತಕ ಹಂಡೆ ಒಲೆಗೆ ಹೋಗುತ್ತೆ. ಆಮೇಲೆ ಪಾಠದ ಪುಸ್ತಕ, ಸತ್ಯವೇದ ಬಿಟ್ರೆ ಇನ್ನೊಂದು ಹಾಳೆ ಈ ಮನೆಯೊಳಗೆ ಬರಲ್ಲ.”

“ಅದು ಶಾರದನ ಅಜ್ಜೀದು.”

“ಅವರ ಕಾಲಿಗೆ ಬೇಕಾದ್ರೆ ನಾನು ಬೀಳ್ತೀನಿ.”

ಪುಸ್ತಕ ಅವರ ಟ್ರಂಕಿನೊಳಗೆ ಹೋಯಿತು. ಮೊದಲ ಮಾತು ನನಗೆ ಕಷ್ಟವೆನಿಸಲಿಲ್ಲ. ಸುಳ್ಳು ಹೇಳಿದ್ದೆ, ಹೇಳಿದೆ ಎನ್ನುವುದೇ ನ್ಯಾಯ. ಎರಡನೆಯದಕ್ಕೆ ಮನಸ್ಸು ಒಪ್ಪಲಿಲ್ಲ. ಶುಕ್ರವಾರ ಬೇಲಿಯ ಹತ್ತಿರ ಶಾರದಾ ಪೂರ್ತಿ ವ್ಯವಹಾರಸ್ಥಳಂತೆ ಮಾತಾಡಿದಳು.

“ಹೇಳ್ಬಿಡು ಮಾರಾಯ್ತಿ. ಬಾಯಲ್ಲಿ ಸೈತಾನ ಅಂದ್ರೆ ಕಥೆಗೆ ನೋವಾಗುತ್ತಾ? ಅಜ್ಜಿ ಪುಸ್ತಕನಾದ್ರೂ ಉಳಿಯುತ್ತೆ.”

“ಅದೂ ಸುಳ್ಳೇ ಆಗುತ್ತಲ್ಲೇ.”

“ನಿಮ್ಮ ಪ್ರವಾದಿ ಕಬ್ಬಿಣ ತೇಲಿಸಿದ್ರೆ ಸರಿ, ನಮ್ಮ ನೀಲಿ ಸೂಜಿ ಎಸೆದ್ರೆ ತಪ್ಪು. ಯಾವ ನ್ಯಾಯಾನೋ ಏನೋ!” ಎಂದು ಅವಳು ಮುಖ ತಿರುಗಿಸಿಕೊಂಡು ಹೋದಳು.

ಶನಿವಾರ ಅಮ್ಮ ಒರಳಿನ ಮುಂದೆ ಕೂತು ಮಸಾಲೆ ರುಬ್ಬುತ್ತಿದ್ದಳು, ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ಅಪ್ಪನಿಗೆ ಮಾಟ ಎಂದರೆ ಯಾಕಿಷ್ಟು ರೋಷ ಎಂದು ಕೇಳಿದೆ. ಅಮ್ಮ ಗುಂಡುಕಲ್ಲು ನಿಲ್ಲಿಸಿ ಮುಂದಿನ ಕೋಣೆಯ ಕಡೆ ನೋಡಿದಳು. ಅಪ್ಪ ಪಾಳಿಯಿಂದ ಬಂದಿರಲಿಲ್ಲ.

“ಅವರಿಗೆ ಲೀಲಾ ಅಂತ ಒಬ್ಬಳು ತಂಗಿ ಇದ್ಲು. ನಿಮ್ಮಪ್ಪಂಗೆ ಆಗ ಹತ್ತು ವರ್ಷ, ಅವಳಿಗೆ ಆರು. ವಿಷಮಶೀತ ಜ್ವರ ಬಂತು. ಮನೆಯೋರು ಮಂತ್ರವಾದಿನ ಕರೆಸಿದ್ರಂತೆ. ತಾಯಿತ ಕಟ್ಟಿ, ಹೊಗೆ ಹಾಕಿ, ಬೇವಿನಸೊಪ್ಪಲ್ಲಿ ಹೊಡೆದು, ಎರಡು ದಿನ ಒಂದು ತೊಟ್ಟು ನೀರು ಕೊಡಗೊಡ್ಲಿಲ್ಲ. ಹೋಗ್ಬಿಟ್ಲು. ಅವರ ಮನೆಯೋರು ಸಭೆಗೆ ಸೇರಿದ್ದು ಆಮೇಲೆ.”

ನಾನು ತುರಿಯುವುದನ್ನು ನಿಲ್ಲಿಸಿದೆ. ಅಪ್ಪ ಮಾಟವನ್ನು ಕಥೆಯಲ್ಲಿ ಓದಿದವರಲ್ಲ, ಅದರ ಹೊಗೆ ಕುಡಿದವರು. ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಗಿ, ಹೇಳಿಬಿಡೋಣ, ಅವರಿಗಾಗಿ ಹೇಳಿಬಿಡೋಣ ಎನಿಸಿತು. ಅಮ್ಮನಿಗೆ ಅದು ಗೊತ್ತಾಗಿರಬೇಕು.

“ಅಯ್ಯೋ ಪಾಪ ಅಂತ ಅವರಿಗೋಸ್ಕರ ಹೇಳ್ಬೇಡ,” ಎಂದಳು. “ಅವರ ದುಃಖ ಅವರದು. ನಿಂಗೆ ಯಾವುದು ಸುಳ್ಳು ಅಂತ ಗೊತ್ತೋ ಅದನ್ನ ಮಾತ್ರ ಸುಳ್ಳು ಅನ್ನು. ಹೊಡೆದ್ರೆ ಹೊಡೆಸ್ಕೊ.”

ಭಾನುವಾರ ಹಾಡು ಮುಗಿದ ಮೇಲೆ ಅಯ್ಯನವರು ನನ್ನನ್ನು ಮುಂದೆ ಕರೆದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮೊದಲ ಬೆಂಚಿನಲ್ಲಿ ಅಪ್ಪ. ನಾನು ಎದ್ದು ಹೋಗಿ ಮುಂದೆ ನಿಂತೆ.

“ನಾನು ಸುಳ್ಳು ಹೇಳಿದೆ,” ಎಂದೆ. “ಆ ಕಥೆ ಭಕ್ತರ ಚರಿತ್ರೇಲಿ ಇಲ್ಲ. ಮಾಟದ ಕಥೆ ಪುಸ್ತಕದಲ್ಲಿ ಓದಿದ್ದು. ಅದರಲ್ಲಿ ಸೈತಾನ ಇಲ್ಲ, ಮಾಟಗಾತಿ ಇದಾಳೆ. ನಾನೇ ಬದಲಾಯಿಸ್ದೆ. ಅಪ್ಪಂಗೂ ಅಯ್ಯನವರಿಗೂ ನಿಮಗೆಲ್ಲರಿಗೂ ಮೋಸ ಮಾಡಿದೆ. ಕ್ಷಮಿಸಿ.”

ಅಲ್ಲಿಗೆ ನಿಲ್ಲಿಸಿದೆ.

“ಇನ್ನೊಂದೂ ಹೇಳು,” ಎಂದರು ಅಪ್ಪ, ಬೆಂಚಿನಿಂದಲೇ.

“ಇನ್ನೊಂದು ಹೇಳಲ್ಲ ಅಪ್ಪ.”

ಇಡೀ ಸಭೆ ನನ್ನನ್ನು ನೋಡಿತು. ಅಪ್ಪ ಒಬ್ಬರೇ ನೆಲ ನೋಡುತ್ತಿದ್ದರು. ನನಗೆ ಅಳು ಬಂತು, ಅಳುತ್ತಲೇ ಹೇಳಿದೆ.

“ನೀವೇ ಹೇಳಿದ್ರಲ್ಲ ಅಪ್ಪ, ಕಿತ್ಕೊಳ್ಳೋದು ಮಾಟ ಅಂತ. ಆ ಹುಡುಗಿ ಕಿತ್ಕೊಳ್ಳಲಿಲ್ಲ. ಅವಳಮ್ಮ ಸತ್ರೂ ಕಿತ್ಕೊಳ್ಳಲಿಲ್ಲ. ಸೂಜಿ ಎಸೆದ್ಬಿಡು ಅಂತ ಸೈತಾನ ಹೇಳ್ಕೊಡ್ತಾನಾ? ಸುಳ್ಳು ನಂದು. ಕಥೇದಲ್ಲ.”

ಹಿಂದಿನ ಸಾಲಿನಲ್ಲಿ ಗುಜುಗುಜು ಎದ್ದಿತು. ಮಗುವಿಗೆ ಇಷ್ಟು ಬಾಯಿಯೇ ಎಂದು ಒಬ್ಬರು, ಹಿರಿಯರ ಮನೆಯಲ್ಲೇ ಹೀಗಾದರೆ ಎಂದು ಇನ್ನೊಬ್ಬರು. ಆಗ ಅಯ್ಯನವರು ಕನ್ನಡಕ ತೆಗೆದರು. ಅವರು ನನಗೆ ಬೈಯುತ್ತಾರೆಂದೇ ನಾನು ಕಣ್ಣು ಮುಚ್ಚಿಕೊಂಡೆ.

“ಸಹೋದರರೇ, ಈ ಹುಡುಗಿ ಚೀನಾ ಅಂತ ಎಲ್ಲೂ ಹೇಳಿರ್ಲಿಲ್ಲ,” ಎಂದರು. “ಚೀನಾ ಸೇರಿಸ್ದೋನು ನಾನು. ಶಿವಮೊಗ್ಗದಲ್ಲಿ ಕುಂಟ ಅಪ್ಪನ್ನೂ ಸೇರಿಸ್ದೆ. ಜನ ಇನ್ನಷ್ಟು ಅಳ್ಲಿ ಅಂತ. ಇವಳ ಜೊತೆ ನಂಗೂ ಕ್ಷಮೆ ಕೊಡಿ.”

ಆ ಮನುಷ್ಯನ ಬಗ್ಗೆ ನನಗೆ ಈಗಲೂ ಗೌರವ. ಹನ್ನೊಂದು ವರ್ಷದ ಹುಡುಗಿಯ ಪಕ್ಕದಲ್ಲಿ ಬಂದು ನಿಂತು ತಪ್ಪೊಪ್ಪಿಕೊಂಡ ಬೇರೆ ಪಾಸ್ಟರನ್ನು ನಾನು ನೋಡಿಲ್ಲ. ಸಭೆ ಕ್ಷಮಿಸಿತು, ಆದರೂ ಆರು ತಿಂಗಳು ನನ್ನನ್ನು ಯಾವ ಕೂಟದಲ್ಲಿಯೂ ಕಥೆ ಹೇಳಲು ಎಬ್ಬಿಸಬಾರದೆಂದು ಹಿರಿಯರೆಲ್ಲ ತೀರ್ಮಾನ ಮಾಡಿದರು. ಅಪ್ಪ ಆ ತೀರ್ಮಾನಕ್ಕೆ ಕೈ ಎತ್ತಿದರು. ನಾನು ನೋಡಿದೆ.

ಮೂವರೂ ಮನೆಗೆ ನಡೆದೆವು. ಭಾನುವಾರವೆಂದು ಅಮ್ಮ ಮಟನ್ ಸಾರು ಮಾಡಿದ್ದಳು. ಅಪ್ಪ ಎರಡು ತುತ್ತು ತಿಂದು ತಟ್ಟೆ ಸರಿಸಿ, ಒಳಗೆ ಹೋದರು. ಟ್ರಂಕು ತೆರೆದ ಸದ್ದಾಯಿತು. ಪುಸ್ತಕ ಕೈಯಲ್ಲಿ ಹಿಡಿದು ಬಂದರು. ಬಚ್ಚಲಿಗೆ ಹೋಗುತ್ತಾರೆ, ಈಗ ಒಲೆ ಹಚ್ಚುತ್ತಾರೆ ಎಂದು ನಾನು ಕೈ ತೊಳೆಯದೆಯೇ ಎದ್ದು ಹಿತ್ತಲ ಬಾಗಿಲಿಗೆ ಅಡ್ಡ ನಿಂತೆ. ಅಪ್ಪನ ಮೊಲಕ್ಕೆ ಮೂರೇ ಕಾಲಾದರೆ ಅವರ ಮಗಳ ಮೊಲಕ್ಕೆ ನಾಲ್ಕು ಕಾಲು ಎಲ್ಲಿಂದ ಬರಬೇಕು? ಆದರೆ ಅವರು ಬಾಗಿಲಿಗೆ ಬರಲಿಲ್ಲ. ಚಾಪೆಯ ಮೇಲೆ ಕೂತರು.

“ಇದನ್ನ ಪೂರ್ತಿ ಓದಿದೆ,” ಎಂದರು. “ಬುತ್ತಿ ಚೀಲದಲ್ಲಿ ಹಾಕ್ಕೊಂಡು ಹೋಗಿ, ಊಟದ ಬಿಡುವಲ್ಲಿ. ಸೈತಾನಂದು ಅಂತ ತೋರ್ಸೋಕೆ ಒಂದು ಜಾಗ ಹುಡುಕ್ತಿದ್ದೆ.”

“ಸಿಕ್ತಾ?”

“ಇಲ್ಲ. ಆದ್ರೂ ನಿನ್ನ ಬಾಯಲ್ಲಿ ಹೇಳಿಸ್ಬೇಕು ಅಂತಲೇ ಇದ್ದೆ.”

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಹತ್ತಿರ ಹೋಗಿ ಕೂತೆ.

“ಲೀಲತ್ತೆ ವಿಷಯ ಅಮ್ಮ ಹೇಳಿದ್ಲು ಅಪ್ಪ.”

“ನಿಮ್ಮಮ್ಮಂಗೆ ಪೂರ್ತಿ ಗೊತ್ತಿಲ್ಲ.” ಅವರು ಪುಸ್ತಕವನ್ನು ಚಾಪೆಯ ಮೇಲಿಟ್ಟು ಎರಡು ಕೈಯಿಂದಲೂ ಅದುಮಿದರು. “ಮನೆಯೋರು ಮಂತ್ರವಾದಿನ ಕರೆಸಿದ್ರು ಅಂತ ಹೇಳಿದ್ದೆ. ಮನೆಯೋರು ಕರೆಸ್ಲಿಲ್ಲ. ನಮ್ಮವ್ವ ನನ್ನ ಕಳಿಸಿದ್ದು ಆಸ್ಪತ್ರೆಗೆ, ಡಾಕ್ಟ್ರನ್ನ ಕರ್ಕೊಂಡು ಬಾ ಅಂತ. ಆ ಮಂತ್ರವಾದಿ ಸಾಯೋರನ್ನೂ ಎಬ್ಬಿಸ್ತಾನೆ ಅಂತ ಶಾಲೇಲಿ ಯಾರೋ ಹೇಳಿದ್ರು. ಆಸ್ಪತ್ರೆ ಹತ್ರಾನೇ ಇತ್ತು ರೂತಿ. ಅವನ ಮನೆಗೆ ಹೊಳೆ ದಾಟ್ಬೇಕಿತ್ತು. ನಾನು ಹೊಳೆ ಕಡೆ ಓಡಿದೆ. ಡಾಕ್ಟ್ರೇ ಕಳಿಸಿದ್ದು ಅಂತ ಅವ್ವಂಗೆ ಸುಳ್ಳು ಹೇಳಿ, ಅವನನ್ನ ಒಳಗೆ ಬಿಟ್ಟೆ.”

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಪ್ಪ ನನ್ನ ಮುಖ ನೋಡಲಿಲ್ಲ. ಪುಸ್ತಕವನ್ನು ನನ್ನ ಕಡೆ ತಳ್ಳಿದರು.

“ಓದು,” ಎಂದರು. “ಓದಿದ್ದನ್ನ ಓದಿದ್ದು ಅಂತಲೇ ಹೇಳು. ನಂಗೆ ಆಗ ಯಾರೂ ಆ ಹುಡುಗಿ ಕಥೆ ಹೇಳಿರ್ಲಿಲ್ಲ.”

ಅವರು ಎದ್ದು ಒಳಗಿನ ಕೋಣೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಬಾಗಿಲು ಮುಚ್ಚಲಿಲ್ಲ. ನಾನು ಕೈ ತೊಳೆದು ಬಂದು ಅದೇ ಚಾಪೆಯ ಮೇಲೆ ಕೂತು, ನೀಲಿ ಮೂರು ದಿನ ಸೂಜಿ ಹಿಡಿದು ಕೂತ ಪುಟವನ್ನು ಬಿಡಿಸಿ, ಅಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ ಓದತೊಡಗಿದೆ.